ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ: ಎನ್‌ಸಿಎಎ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್ ಅವರಿಗೆ ಮತ್ತು ಕಾಲೇಜ್ ಸ್ಪೋರ್ಟ್ಸ್ ಕಮಿಷನ್‌ನ ಮುಖ್ಯಸ್ಥ ಬ್ರಯಾನ್ ಸೀಲಿ ಅವರಿಗೆ,

ನಮಸ್ಕಾರ.

ನಾನು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಹದಿನೆಂಟು ವರ್ಷದಿಂದ ಇರುವ ಕನ್ನಡತಿ. ಇದೇ ಪತ್ರವನ್ನು ಇಂಗ್ಲಿಷಿನಲ್ಲಿ ನಿಮ್ಮಿಬ್ಬರ ಕಚೇರಿಗೂ ಕಳಿಸಿದ್ದೇನೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದು ನಮ್ಮವರೂ ಓದಲಿ ಎಂದು. ನಮ್ಮ ಮಕ್ಕಳು ಈಗ ಇಲ್ಲಿನ ಕಾಲೇಜು ತಂಡಗಳಲ್ಲಿ ಟೆನಿಸ್ ಆಡುತ್ತಾರೆ, ಈಜುತ್ತಾರೆ, ಓಡುತ್ತಾರೆ. ಭಾರತದಿಂದಲೂ ಮಕ್ಕಳು ಸ್ಕಾಲರ್‌ಶಿಪ್ ಪಡೆದು ಬರುತ್ತಾರೆ. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ 2007 ಮತ್ತು 2008ರಲ್ಲಿ ನಿಮ್ಮ ಟೆನಿಸ್ ಸಿಂಗಲ್ಸ್ ಗೆದ್ದರು. ತೇಜಸ್ವಿನ್ ಶಂಕರ್ ಕನ್ಸಾಸ್ ಸ್ಟೇಟ್ ಪರವಾಗಿ ಹೈಜಂಪ್ ಗೆದ್ದರು. ಹಾಗಾಗಿ ನಿಮ್ಮ ನಿಯಮಗಳು ನಮಗೆ ದೂರದ ವಿಷಯವಲ್ಲ.

ನನ್ನ ಮಗಳಿಗೆ ಹದಿನಾರು ವರ್ಷ. ಟೆನಿಸ್ ಆಡುತ್ತಾಳೆ. ಹೈಸ್ಕೂಲಿನ ಎರಡನೇ ವರ್ಷ ಮುಗಿದ ಮೇಲೆ ಜೂನ್ 15ರಿಂದ ಕಾಲೇಜು ಕೋಚ್‌ಗಳು ಮಕ್ಕಳಿಗೆ ನೇರವಾಗಿ ಫೋನ್ ಮಾಡಬಹುದು ಎನ್ನುವುದು ನಿಮ್ಮದೇ ನಿಯಮ. ನಮ್ಮ ಮನೆಯಲ್ಲಿ ಆ ತಾರೀಖಿಗೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದ್ದೇವೆ. ಫೋನ್ ಮಾಡುವವರಿಗೆ ನಲವತ್ತು, ಐವತ್ತು ವಯಸ್ಸು. ಎತ್ತಿಕೊಳ್ಳುವವಳಿಗೆ ಹದಿನಾರು. ನಾನು ಹೇಳಬೇಕಾಗಿರುವುದೆಲ್ಲ ಈ ಅಂತರದ ಬಗ್ಗೆಯೇ.

ಊರಿನಲ್ಲಿ ಇದನ್ನು ಓದುವವರಿಗೆ ಸ್ವಲ್ಪ ಹಿನ್ನೆಲೆ ಬೇಕು. ಎನ್‌ಸಿಎಎ ಅಂದರೆ ಅಮೆರಿಕದ ಸುಮಾರು 1,100 ಕಾಲೇಜುಗಳ ಕ್ರೀಡೆಯನ್ನು ನಡೆಸುವ ಸಂಸ್ಥೆ. ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಅಂದರೆ ಆಟಗಾರರಿಗೆ ದುಡ್ಡು ಕೊಡುವ ಹೊಸ ನಿಯಮಗಳನ್ನು ನೋಡಿಕೊಳ್ಳುವ ಸಂಸ್ಥೆ. ಇಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಅಮೆರಿಕನ್ ಫುಟ್‌ಬಾಲ್. ಕಾಲೇಜು ಫುಟ್‌ಬಾಲ್ ನಮ್ಮ ಇಂಟರ್ ಕಾಲೇಜ್ ಪಂದ್ಯದ ಹಾಗೂ ಅಲ್ಲ. ದೊಡ್ಡ ಕಾಲೇಜುಗಳಲ್ಲಿ ಶನಿವಾರ ಬಂತೆಂದರೆ ಸ್ಟೇಡಿಯಂಗೆ ಎಂಬತ್ತು ಸಾವಿರ, ಲಕ್ಷ ಜನ ಸೇರುತ್ತಾರೆ. ಮಾರ್ಚ್ ತಿಂಗಳ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಟಿವಿ ಹಕ್ಕೊಂದಕ್ಕೇ 2025ರಿಂದ 2032ರವರೆಗೆ 880 ಕೋಟಿ ಡಾಲರ್ ಒಪ್ಪಂದವಿದೆ. ಇಷ್ಟು ದುಡ್ಡು ಓಡಾಡುವ ಜಾಗದಲ್ಲಿ ಆಡುವ ಹುಡುಗರಿಗೆ ದಶಕಗಟ್ಟಲೆ ಸಿಗುತ್ತಿದ್ದದ್ದು ಫೀಸು, ರೂಮು, ಊಟ, ಪುಸ್ತಕ ಅಷ್ಟೇ. ಅದಕ್ಕಿಂತ ಒಂದು ಡಾಲರ್ ಜಾಸ್ತಿ ತೆಗೆದುಕೊಂಡರೂ ಅದು ಅಪರಾಧ. ಕಾಲೇಜಿನ ಶ್ರೀಮಂತ ಅಭಿಮಾನಿಗಳನ್ನು ಇಲ್ಲಿ ಬೂಸ್ಟರ್ ಎನ್ನುತ್ತಾರೆ. ಒಳ್ಳೆಯ ಆಟಗಾರ ತಮ್ಮ ಕಾಲೇಜಿಗೇ ಬರಲಿ ಎಂದು ಅವರು ಕದ್ದುಮುಚ್ಚಿ ದುಡ್ಡು ಕೊಡುತ್ತಿದ್ದರು. ಸಿಕ್ಕಿಬಿದ್ದಾಗ ಹಗರಣವಾಗುತ್ತಿತ್ತು.

ಅಂಥ ಹಗರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಡೆದದ್ದು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ, ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಯಲ್ಲಿ. ಇಲ್ಲಿ ಎಲ್ಲರೂ ಎಸ್‌ಎಂಯು ಎನ್ನುತ್ತಾರೆ. ಬೇಕರ್ ಅವರೇ, ಈ ಕಥೆ ನಿಮ್ಮ ಕಚೇರಿಯ ಕಡತಗಳಲ್ಲೇ ಇದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ. ಅದರಲ್ಲಿ ಯಾರು ಏನು ಕಳೆದುಕೊಂಡರು ಎಂದು ಮಾತ್ರ ನೋಡುತ್ತಾ ಬನ್ನಿ.

1985ರಲ್ಲಿ ಎಸ್‌ಎಂಯು ಮೇಲೆ ನಿಮ್ಮ ಸಂಸ್ಥೆ ಕ್ರಮ ಕೈಗೊಂಡಿತು. ಆಟಗಾರರಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿದ್ದೇವೆ ಎಂದು ಕಾಲೇಜು ಹೇಳಿತು. ಆದರೆ ನಿಲ್ಲಿಸಿರಲಿಲ್ಲ. ಮುಂದೆ ತನಿಖೆಯಲ್ಲಿ ಹೊರಬಿದ್ದ ಲೆಕ್ಕ ಇದು: 13 ಆಟಗಾರರಿಗೆ ಒಟ್ಟು 61,000 ಡಾಲರ್. ತಿಂಗಳಿಗೆ ಒಬ್ಬನಿಗೆ 50 ಡಾಲರಿನಿಂದ 725 ಡಾಲರಿನವರೆಗೆ. ದುಡ್ಡು ಒಬ್ಬ ಬೂಸ್ಟರ್‌ನದು. ಕೊಡುತ್ತಿರುವುದು ಕ್ರೀಡಾ ವಿಭಾಗದ ಅಧಿಕಾರಿಗಳಿಗೆ ಗೊತ್ತಿತ್ತು, ಒಪ್ಪಿಗೆಯೂ ಇತ್ತು. ಮೊದಲೇ ಮಾತು ಕೊಟ್ಟ ಹುಡುಗರಿಗೆ ನಿಲ್ಲಿಸಿದರೆ ಅವರು ಬಾಯಿಬಿಟ್ಟಾರು, ಆದ್ದರಿಂದ ಅವರು ಕಾಲೇಜು ಬಿಡುವವರೆಗೂ ಕೊಡುತ್ತಾ ಇರೋಣ ಎಂದು ದೊಡ್ಡವರು ಕೂತು ತೀರ್ಮಾನ ಮಾಡಿದ್ದರು. 1986ರ ನವೆಂಬರ್‌ನಲ್ಲಿ ಒಬ್ಬ ಮಾಜಿ ಆಟಗಾರ ಡಲ್ಲಾಸಿನ ಟಿವಿ ಚಾನೆಲ್‌ನಲ್ಲಿ ಎಲ್ಲ ಹೇಳಿಬಿಟ್ಟ. ಅಲ್ಲಿಗೆ ಗುಟ್ಟು ರಟ್ಟಾಯಿತು.

1987ರ ಫೆಬ್ರವರಿ 25ರಂದು ತೀರ್ಪು ಬಂತು. ಆ ವರ್ಷದ ಫುಟ್‌ಬಾಲ್ ಸೀಸನ್ ಪೂರ್ತಿ ರದ್ದು. ಮುಂದಿನ ವರ್ಷ ಸ್ವಂತ ಮೈದಾನದಲ್ಲಿ ಒಂದೂ ಆಟ ಇಲ್ಲ. ನಾಲ್ಕು ವರ್ಷದಲ್ಲಿ 55 ಸ್ಕಾಲರ್‌ಶಿಪ್ ಕಡಿತ. ಪತ್ರಿಕೆಗಳು ಇದನ್ನು ಮರಣದಂಡನೆ ಎಂದೇ ಕರೆದವು. ತೀರ್ಪು ಓದಿದ ನಿಮ್ಮ ತನಿಖಾ ಮುಖ್ಯಸ್ಥ ಡೇವಿಡ್ ಬರ್ಸ್ಟ್ ಪತ್ರಕರ್ತರ ಎದುರಿಗೇ ತಲೆಸುತ್ತಿ ಕುಸಿದುಬಿಟ್ಟರು. ಅವರಿಗೂ ಅದರ ಭಾರ ಗೊತ್ತಾಗಿತ್ತೇನೋ ಎಂದು ನನಗೆ ಅನ್ನಿಸುತ್ತದೆ.

ಮುಂದಿನ ವಾರ ಇನ್ನೊಂದು ವಿಷಯ ಹೊರಬಂತು. ಆಗ ತಾನೇ ಎರಡನೇ ಸಲ ಟೆಕ್ಸಾಸ್ ಗವರ್ನರ್ ಆಗಿದ್ದ ಬಿಲ್ ಕ್ಲೆಮೆಂಟ್ಸ್ ಅದಕ್ಕೂ ಮುಂಚೆ ಎಸ್‌ಎಂಯು ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ದುಡ್ಡು ಕೊಡುವುದನ್ನು ಮುಂದುವರಿಸಲು ತಾವೂ ಮಂಡಳಿಯ ಕೆಲವರೂ ಒಪ್ಪಿದ್ದು ನಿಜ ಎಂದು ಅವರೇ ಹೇಳಿಕೊಂಡರು.

ಈಗ ಲೆಕ್ಕ ನೋಡೋಣ. ಗವರ್ನರ್ ರಾಜೀನಾಮೆ ಕೊಡಲಿಲ್ಲ. 1991ರ ಜನವರಿಯವರೆಗೆ ಅವಧಿ ಮುಗಿಸಿಯೇ ಇಳಿದರು. ಕೋಚ್ ಮತ್ತು ಅಥ್ಲೆಟಿಕ್ ಡೈರೆಕ್ಟರ್ (ಕ್ರೀಡಾ ವಿಭಾಗದ ಮುಖ್ಯಸ್ಥ) ತೀರ್ಪಿಗೆ ಮುಂಚೆಯೇ ರಾಜೀನಾಮೆ ಕೊಟ್ಟು ಹೋಗಿದ್ದರು. ಹೋಗುವಾಗ ಕಾಲೇಜು ಅವರಿಗೆ ಕಾಂಟ್ರಾಕ್ಟ್ ಲೆಕ್ಕದಲ್ಲಿ ಒಪ್ಪಿಕೊಂಡ ದುಡ್ಡು ಆ 13 ಹುಡುಗರಿಗೆ ಸಿಕ್ಕಿದ್ದ 61,000 ಡಾಲರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಇನ್ನು ತಂಡದಲ್ಲಿ ಉಳಿದಿದ್ದ ಹುಡುಗರು? ಒಂದು ಪೈಸೆ ಮುಟ್ಟದವರೂ ಅವರಲ್ಲಿದ್ದರು. ಬೇರೆ ಕಾಲೇಜುಗಳ ಕೋಚ್‌ಗಳು ಡಲ್ಲಾಸಿಗೆ ಬಂದಿಳಿದು ಅವರನ್ನು ಆರಿಸಿಕೊಂಡು ಹೋದರು. ಆಯ್ಕೆಯಾಗದವರು ಅಲ್ಲೇ ಉಳಿದರು. ಆಡಲು ತಂಡವೇ ಇಲ್ಲ. ಹತ್ತೊಂಬತ್ತು, ಇಪ್ಪತ್ತು ವರ್ಷದ ಆಟಗಾರನಿಗೆ ಒಂದು ಸೀಸನ್ ಹೋಯಿತೆಂದರೆ ಅದು ಮತ್ತೆ ಬರುವುದಿಲ್ಲ.

ಅದಕ್ಕೂ ಜಾಸ್ತಿ ನೋವು ಕೊಡುವುದು 1989ರ ತಂಡ. ಎರಡು ವರ್ಷದ ನಂತರ ಎಸ್‌ಎಂಯು ಮತ್ತೆ ಮೈದಾನಕ್ಕೆ ಇಳಿದಾಗ ತಂಡದಲ್ಲಿ ಹೆಚ್ಚಿನವರು ಆಗಷ್ಟೇ ಹೈಸ್ಕೂಲು ಮುಗಿಸಿ ಬಂದ ಹುಡುಗರು. ಹೂಸ್ಟನ್ ವಿರುದ್ಧದ ಆಟದಲ್ಲಿ ಅವರು 95–21ರಿಂದ ಸೋತರು. ತೊಂಬತ್ತೈದು! ಆ ಹುಡುಗರು ಮಾಡಿದ ತಪ್ಪೇನು? ದುಡ್ಡು ಹಂಚಿದ ಕಾಲಕ್ಕೆ ಅವರು ಹೈಸ್ಕೂಲಿನಲ್ಲಿದ್ದರು. ಅಲ್ಲಿಂದ ಮುಂದೆ ಸೋಲಿಗಿಂತ ಗೆಲುವು ಜಾಸ್ತಿ ಇರುವ ಸೀಸನ್ ಬರಲು ಎಸ್‌ಎಂಯುಗೆ 1997 ಆಗಬೇಕಾಯಿತು. ಮತ್ತೆ ಒಂದು ಬೌಲ್ ಗೇಮ್, ಅಂದರೆ ಚೆನ್ನಾಗಿ ಆಡಿದ ತಂಡಗಳಿಗೆ ಸೀಸನ್ ಕೊನೆಯಲ್ಲಿ ಸಿಗುವ ವಿಶೇಷ ಪಂದ್ಯ, ಆಡಲು 2009 ಆಗಬೇಕಾಯಿತು.

ನಮ್ಮ ಕಡೆ ಇದಕ್ಕೆ ಒಂದು ಗಾದೆ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಾದ ಕಬ್ಬಿಣ ಮುಟ್ಟಿಸುವವರು ರೋಗ ಎಲ್ಲಿದೆ ಎಂದು ನೋಡುವುದೇ ಇಲ್ಲ. ಕೈಗೆ ಸಿಕ್ಕಿದ ಪ್ರಾಣಿಗೆ ಬರೆ ಎಳೆಯುತ್ತಾರೆ.

ಎಸ್‌ಎಂಯು ಹಳೆಯ ಕಥೆ, ಆಮೇಲೆ ನಾವು ಕಲಿತಿದ್ದೇವೆ ಎಂದು ನೀವು ಹೇಳಬಹುದು. ನಿಜ, ಅಂಥ ಶಿಕ್ಷೆಯನ್ನು ಆ ಮಟ್ಟದ ಫುಟ್‌ಬಾಲ್‌ನಲ್ಲಿ ನಿಮ್ಮ ಸಂಸ್ಥೆ ಮತ್ತೆ ಕೊಡಲಿಲ್ಲ. ಆದರೆ ಬರೆ ಬೀಳುವ ಜಾಗ ಮಾತ್ರ ಬದಲಾಗಲಿಲ್ಲ. ಲಾಸ್ ಏಂಜಲೀಸಿನ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ನೋಡಿ. ರೆಜ್ಜಿ ಬುಷ್ ಅಲ್ಲಿ ಆಡುತ್ತಿದ್ದಾಗ ಅವರೂ ಅವರ ಮನೆಯವರೂ ಏಜೆಂಟ್ ಆಗಲು ಹೊರಟಿದ್ದ ಕೆಲವರಿಂದ ದುಡ್ಡು, ಇರಲು ಮನೆ ಪಡೆದಿದ್ದರು ಎನ್ನುವುದು ಆರೋಪ. ನಡೆದದ್ದು 2004, 2005ರ ಹೊತ್ತಿಗೆ. ತೀರ್ಪು ಬಂದದ್ದು 2010ರ ಜೂನ್‌ನಲ್ಲಿ. ಅಷ್ಟರಲ್ಲಿ ಬುಷ್ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿದ್ದರು. ಕೋಚ್ ಪೀಟ್ ಕ್ಯಾರಲ್ ಅದೇ ವರ್ಷದ ಜನವರಿಯಲ್ಲಿ ಸಿಯಾಟಲ್ ತಂಡಕ್ಕೆ ಹೋಗಿಯಾಗಿತ್ತು. ಕಾಲೇಜಿಗೆ ಬಿದ್ದ ಶಿಕ್ಷೆ ಎರಡು ವರ್ಷ ಬೌಲ್ ಗೇಮ್ ಇಲ್ಲ, 30 ಸ್ಕಾಲರ್‌ಶಿಪ್ ಇಲ್ಲ. 2011ರ ತಂಡ 12 ಆಟದಲ್ಲಿ 10 ಗೆದ್ದಿತು. ಗೆದ್ದು ಮನೆಯಲ್ಲಿ ಕೂತಿತು. ಆ ತಂಡದ ಹುಡುಗರು ಬುಷ್ ಆಡುತ್ತಿದ್ದಾಗ ಶಾಲೆಗೆ ಹೋಗುತ್ತಿದ್ದ ಮಕ್ಕಳು.

ಬುಷ್ ವರ್ಷದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನೂ (2005ರದು) ಬಿಟ್ಟುಕೊಡಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಹೈಸ್ಮನ್ ಟ್ರಸ್ಟ್ ಅದನ್ನು ವಾಪಸ್ ಕೊಟ್ಟಿತು. ಕಾಲ ಬದಲಾಗಿದೆ ಎಂದು ಅವರು ಒಪ್ಪಿಕೊಂಡರು. ನಿಮ್ಮ ದಾಖಲೆಯಲ್ಲಿ ಮಾತ್ರ ಆ ಗೆಲುವುಗಳು ಇನ್ನೂ ಇಲ್ಲ. ಆಡಿದ ಆಟವನ್ನು ಆಡೇ ಇಲ್ಲ ಎಂದು ಬರೆದಿಡುವುದು ನನಗೆ ಯಾವತ್ತೂ ಅರ್ಥವಾಗಿಲ್ಲ. ದಂಡ ಹಾಕಿ, ಅಮಾನತು ಮಾಡಿ. ಆದರೆ ಲಕ್ಷಾಂತರ ಜನ ಕಣ್ಣಾರೆ ನೋಡಿದ್ದನ್ನು ಅಳಿಸಿದರೆ ಅದು ಶಿಕ್ಷೆಯಲ್ಲ, ಸುಳ್ಳು. ಆ ತಂಡದಲ್ಲಿ ಬುಷ್ ಒಬ್ಬರೇ ಇರಲಿಲ್ಲ. ಪ್ರಾಮಾಣಿಕವಾಗಿ ಆಡಿದ ಎಷ್ಟೋ ಹುಡುಗರ ಗೆಲುವೂ ಅದರ ಜೊತೆಗೇ ಹೋಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ದುಡ್ಡು ತೆಗೆದುಕೊಂಡದ್ದು ಸರಿ ಎಂದು ನಾನು ಹೇಳುತ್ತಿಲ್ಲ. ನಿಯಮ ಪಾಲಿಸುತ್ತೇನೆ ಎಂದು ಸಹಿ ಹಾಕಿ ಆಮೇಲೆ ಸುಳ್ಳು ಹೇಳುವುದು ತಪ್ಪು. ಪ್ರಾಮಾಣಿಕವಾಗಿ ಆಡುವ ಎದುರಾಳಿಗೆ ಅದರಿಂದ ಮೋಸವಾಗುತ್ತದೆ. ನನ್ನ ಮಗಳು ಹಾಗೆ ಮಾಡಿದರೆ ನಾನು ಅವಳ ಪರ ನಿಲ್ಲುವುದಿಲ್ಲ. ಆದರೆ ತಪ್ಪಿನ ತೂಕ ಎಲ್ಲರಿಗೂ ಒಂದೇ ಅಲ್ಲ, ಅಲ್ವಾ? ಲಕೋಟೆ ಚಾಚಿದವನಿಗೆ ಹೆಸರಿತ್ತು, ಹಣವಿತ್ತು, ವಕೀಲರಿದ್ದರು. ತೆಗೆದುಕೊಂಡ ಹುಡುಗನಿಗೆ ಹದಿನೆಂಟು ವರ್ಷ. ಮನೆಯಲ್ಲಿ ಬಾಡಿಗೆ ಬಾಕಿ.

ನನಗೆ ಈ ವಿಷಯ ಇಷ್ಟು ಚುಚ್ಚಲು ನಮ್ಮಣ್ಣ ಕಾರಣ. ಅವನು ದಾವಣಗೆರೆ ಕಡೆಯ ಒಂದು ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದ. ಒಳ್ಳೆಯ ಸ್ಮ್ಯಾಶರ್. ಇನ್ನೊಂದು ಕಾಲೇಜಿನವರು ಒಂದು ಟೂರ್ನಿಗೆ ಬೇರೆಯವನ ಹೆಸರಿನಲ್ಲಿ ಆಡಲು ಕರೆದರು. ಕೈಗೆ ಐನೂರು ರೂಪಾಯಿ, ಒಂದು ಜೊತೆ ಶೂ. ಅಣ್ಣ ಹೋದ. ಸಿಕ್ಕಿಬಿದ್ದ. ಒಂದು ವರ್ಷ ಆಡುವ ಹಾಗಿಲ್ಲ ಎಂದು ಚೀಟಿ ಬಂತು. ಆ ಒಂದು ವರ್ಷ ಅವನ ಕೊನೆಯ ವರ್ಷವೇ ಆಗಿತ್ತು. ನಕಲಿ ಗುರುತಿನ ಚೀಟಿ ಮಾಡಿಸಿಕೊಟ್ಟಿದ್ದ ಮೇಷ್ಟ್ರು ಮರುವರ್ಷ ಅದೇ ಟೂರ್ನಿಯ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದರು. ಅಣ್ಣ ತಪ್ಪು ಮಾಡಿದ್ದ, ಅದನ್ನು ಅವನೂ ಒಪ್ಪುತ್ತಾನೆ. ಆದರೆ ಆ ಹಾರ ನೋಡಿದ ದಿನದಿಂದ ಅವನು ಚೆಂಡು ಮುಟ್ಟಲಿಲ್ಲ.

ಬೇಕರ್ ಅವರೇ, ನಿಮ್ಮ ಸಂಸ್ಥೆಯ ಕೆಲವು ನಿಯಮಗಳು ಕಾನೂನಿಗೆ ವಿರುದ್ಧ ಎಂದು ಈಗ ನ್ಯಾಯಾಲಯವೇ ಹೇಳಿದೆ. 2010ರಲ್ಲಿ ಜಾರ್ಜಿಯಾದ ಎ.ಜೆ. ಗ್ರೀನ್ ತಾನು ಆಡಿದ್ದ ಜೆರ್ಸಿಯನ್ನು 1,000 ಡಾಲರಿಗೆ ಮಾರಿದ್ದಕ್ಕೆ ನಾಲ್ಕು ಆಟ ಹೊರಗೆ ಕೂರಬೇಕಾಯಿತು. ಅದೇ ಹೊತ್ತಿನಲ್ಲಿ ಅವನ ಎಂಟನೇ ನಂಬರಿನ ಜೆರ್ಸಿಗಳನ್ನು ಅಂಗಡಿಗಳು ಮಾರುತ್ತಿದ್ದವು. 2014ರಲ್ಲಿ ಕನೆಕ್ಟಿಕಟ್ ಬ್ಯಾಸ್ಕೆಟ್‌ಬಾಲ್ ತಂಡದ ಶಬಾಜ್ ನೇಪಿಯರ್ ರಾತ್ರಿ ಹಸಿದುಕೊಂಡೇ ಮಲಗುವ ದಿನಗಳಿವೆ ಎಂದು ಪತ್ರಕರ್ತರ ಮುಂದೆ ಹೇಳಿದ. ಆ ವರ್ಷದ ಏಪ್ರಿಲ್‌ನಲ್ಲಿ ಅವನ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ತಿಂಗಳಲ್ಲೇ ನಿಮ್ಮವರು ಊಟದ ನಿಯಮ ಸಡಿಲ ಮಾಡಿದರು. ಹಸಿದ ಹುಡುಗ ಮೈಕಿನ ಮುಂದೆ ಕೂತು ಹೇಳಿದ ಮೇಲೆಯೇ ಊಟ ಹೆಚ್ಚಾಯಿತು! ಇದನ್ನು ಓದಿದ ದಿನ ನಾನು ಅತ್ತುಬಿಟ್ಟೆ.

2017ರ ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳನ್ನು ಹಿಡಿದಾಗಲೂ ಅದೇ ಆಯಿತು. ಹತ್ತು ಜನರ ಬಂಧನ. ಅದರಲ್ಲಿ ನಾಲ್ವರು ಅಸಿಸ್ಟೆಂಟ್ ಕೋಚ್‌ಗಳು. ಒಬ್ಬನೇ ಒಬ್ಬ ಹೆಡ್ ಕೋಚ್ ಮೇಲೆ ಕ್ರಿಮಿನಲ್ ಕೇಸ್ ಬೀಳಲಿಲ್ಲ. ತನ್ನ ಕೈಕೆಳಗಿನವನು ಮಾಡಿದ್ದು ಹೆಡ್ ಕೋಚ್‌ಗೆ ಗೊತ್ತೇ ಇರಲಿಲ್ಲವೆಂದರೆ ಅಷ್ಟು ದೊಡ್ಡ ಸಂಬಳ ಯಾತಕ್ಕೆ? ಆ ಪ್ರಕರಣದಲ್ಲಿ ಹೆಸರು ಬಂದ ಒಬ್ಬ ಹುಡುಗನ ತಂದೆಗೆ 1,00,000 ಡಾಲರ್ ಮಾತಾಗಿತ್ತು. ತನಗೆ ಗೊತ್ತೇ ಇರಲಿಲ್ಲ ಎಂದು ಹುಡುಗ ಹೇಳಿದ. ಅವನು ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಒಂದು ಆಟವನ್ನೂ ಆಡಲಿಲ್ಲ. ಕಡೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ಆಡಬೇಕಾಯಿತು.

ಈಗ ಹೊಸ ಕಾಲ. 2021ರ ಜೂನ್ 21ರಂದು, ಆಟಗಾರರು ಹೂಡಿದ್ದ ಆಲ್ಸ್ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ನಿಮ್ಮ ವಿರುದ್ಧ ತೀರ್ಪು ಕೊಟ್ಟರು. ಹತ್ತು ದಿನ ಕಳೆದು ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ದುಡ್ಡು ಮಾಡಬಹುದು ಎಂದಾಯಿತು. ಇದಕ್ಕೆ ಎನ್‌ಐಎಲ್ ಎನ್ನುತ್ತಾರೆ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಆಟಗಾರರೇ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಒಪ್ಪಿಗೆ ಕೊಟ್ಟರು. ಹಳೆಯ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್. ಜೊತೆಗೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಮಿತಿ 2 ಕೋಟಿ 5 ಲಕ್ಷ ಡಾಲರ್.

ಎಸ್‌ಎಂಯು ಫುಟ್‌ಬಾಲ್ ಮುಚ್ಚಿದ್ದು 61,000 ಡಾಲರಿಗೆ. ಈಗಿನ ಮಿತಿ ಅದರ ಮುನ್ನೂರು ಪಟ್ಟಿಗೂ ಜಾಸ್ತಿ, ಅದೂ ಕಾನೂನುಬದ್ಧವಾಗಿ. 2023ರಲ್ಲಿ ಎಸ್‌ಎಂಯುಗೆ ಎಸಿಸಿ ಎಂಬ ದೊಡ್ಡ ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು) ಸೇರುವ ಅವಕಾಶ ಬಂತು. ಒಂಬತ್ತು ವರ್ಷ ಟಿವಿ ದುಡ್ಡಿನಲ್ಲಿ ಪಾಲು ಕೇಳುವುದಿಲ್ಲ ಎಂದು ಒಪ್ಪಿ ಸೇರಿತು. ಒಂದು ವಾರದೊಳಗೆ ದಾನಿಗಳು 10 ಕೋಟಿ ಡಾಲರ್ ಕೂಡಿಸಿದರು. 2024ರ ಡಿಸೆಂಬರ್‌ನಲ್ಲಿ ತಂಡ ರಾಷ್ಟ್ರೀಯ ಪ್ಲೇಆಫ್ ಆಡಿತು. ನಮ್ಮ ಬೀದಿಯಲ್ಲಿ ಆ ದಿನ ಎಲ್ಲರ ಮನೆಯಲ್ಲೂ ಟಿವಿ ಹಾಕಿತ್ತು. ಪೆನ್ ಸ್ಟೇಟ್ ವಿರುದ್ಧ ಸೋತರು. ಆದರೂ ನನಗೆ ಖುಷಿಯಾಯಿತು. 1989ರಲ್ಲಿ 95 ಪಾಯಿಂಟ್ ಹೊಡೆಸಿಕೊಂಡ ಆ ಹುಡುಗರಿಗೆ ಈಗ ಐವತ್ತು ದಾಟಿದೆ. ಅವರೂ ಎಲ್ಲೋ ಕೂತು ನೋಡುತ್ತಿರಬಹುದು ಎಂದುಕೊಂಡೆ.

ದುಡ್ಡು ಕಾನೂನುಬದ್ಧವಾಯಿತು, ಇನ್ನು ಹಗರಣ ಇಲ್ಲ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಮಿತಿ ಇದೆಯೆಂದರೆ ಮಿತಿ ದಾಟುವ ದಾರಿಗಳೂ ಇರುತ್ತವೆ. ಸೀಲಿ ಅವರೇ, 600 ಡಾಲರ್ ಅಥವಾ ಅದಕ್ಕಿಂತ ಜಾಸ್ತಿಯ ಪ್ರತಿ ಹೊರಗಿನ ಒಪ್ಪಂದವನ್ನು ಆಟಗಾರ ನಿಮ್ಮ ಎನ್‌ಐಎಲ್ ಗೋ ವ್ಯವಸ್ಥೆಗೆ ತಿಳಿಸಬೇಕು. ಅದು ನಿಜವಾದ ವ್ಯಾಪಾರವೋ, ಸುಮ್ನೆ ತಂಡಕ್ಕೆ ಎಳೆಯಲು ಕೊಟ್ಟ ದುಡ್ಡೋ ಎಂದು ಅಲ್ಲಿ ನೋಡುತ್ತಾರೆ. ನೋಡಲಿ, ಒಳ್ಳೆಯದೇ. ಆದರೆ ತಿಳಿಸುವ ಭಾರ ಯಾರ ಮೇಲಿದೆ? ಆ ಹದಿನೆಂಟರ ಹುಡುಗನ ಮೇಲೆ. ಒಪ್ಪಂದ ತಿರಸ್ಕಾರವಾದರೆ ಆಟದಿಂದ ಹೊರಗಾಗುವ ಭಯ ಯಾರಿಗೆ? ಅವನಿಗೇ. ದುಡ್ಡು ಕೊಡಲು ಬಂದ ಕಂಪನಿಯವರಿಗೆ, ಅವರನ್ನು ಪರಿಚಯ ಮಾಡಿಕೊಟ್ಟ ಕೋಚ್‌ಗೆ ಆಗುವುದೇನು?

ಇನ್ನೊಂದು ಹೊಸ ರೋಗವೂ ಬಂದಿದೆ. ಮೊದಲು ಕೊಡಬಾರದ ದುಡ್ಡು ಕೊಡುತ್ತಿದ್ದರು. ಈಗ ಕೊಡುತ್ತೇನೆಂದು ಕರೆಸಿಕೊಂಡು ಕೈಬಿಡುತ್ತಾರೆ ಎನ್ನುವ ದೂರುಗಳು. ಜೇಡನ್ ರಶಾಡ ಎಂಬ ಫುಟ್‌ಬಾಲ್ ಆಟಗಾರನಿಗೆ ಫ್ಲೋರಿಡಾ ವಿಶ್ವವಿದ್ಯಾಲಯದ ಕಡೆಯಿಂದ 1 ಕೋಟಿ 38 ಲಕ್ಷ ಡಾಲರ್ ದಾಟಿದ ಒಪ್ಪಂದದ ಮಾತಾಗಿ, ಆಮೇಲೆ ಅದು ಮುರಿದುಬಿತ್ತು. 2024ರ ಮೇ ತಿಂಗಳಲ್ಲಿ ಆತ ಕೋಚ್ ಮೇಲೆಯೇ ಕೋರ್ಟಿಗೆ ಹೋದ. ಅದೇ ವರ್ಷ ಲಾಸ್ ವೇಗಸ್‌ನ ಯುಎನ್‌ಎಲ್‌ವಿ ಕಾಲೇಜಿನ ಮ್ಯಾಥ್ಯೂ ಸ್ಲೂಕ ಮೂರು ಆಟ ಆಡಿ ತಂಡ ಬಿಟ್ಟ. ಒಂದು ಲಕ್ಷ ಡಾಲರಿನ ಮಾತು ಕೊಟ್ಟು ತಪ್ಪಿದರು ಎಂದು ಅವನ ಕಡೆಯವರು ಹೇಳಿದರು. ಅಂಥ ಒಪ್ಪಂದವೇ ಇರಲಿಲ್ಲ ಎಂದು ಕಾಲೇಜಿನ ಕಡೆಯವರು ಹೇಳಿದರು. ಯಾರು ಸರಿ ಎಂದು ನಾನು ತೀರ್ಪು ಕೊಡಲಾರೆ. ಆದರೆ ಫೋನಿನಲ್ಲಿ ಬಾಯಿಮಾತಿನಲ್ಲಿ ಒಂದು ಲಕ್ಷದ ವ್ಯವಹಾರ ನಡೆಯಬಲ್ಲದು ಎನ್ನುವುದೇ ನನಗೆ ದಿಗಿಲು. ಜೂನ್ 15ರಂದು ನಮ್ಮ ಮನೆಗೂ ಫೋನ್ ಬರುತ್ತದೆ. ಟೆನಿಸ್‌ನಲ್ಲಿ ಲಕ್ಷದ ಮಾತು ಇರಲಾರದು. ಆದರೆ ಸ್ಕಾಲರ್‌ಶಿಪ್ಪಿನ ಮಾತು ಇರುತ್ತದೆ. ಅದೂ ಬಾಯಿಮಾತೇ.

ನಮ್ಮವರಿಗೆ ಒಂದು ವಿಷಯ ಒತ್ತಿ ಹೇಳಬೇಕು. ನನ್ನ ತಂಗಿಯ ಮಗ ಬೆಂಗಳೂರಿನಿಂದ ಬಂದು ಇಲ್ಲಿನ ಒಂದು ಕಾಲೇಜಿಗೆ ಟೆನಿಸ್ ಆಡುತ್ತಾನೆ. ಕಳೆದ ವರ್ಷ ಊರಿನ ಒಂದು ಭಾರತೀಯ ಹೋಟೆಲಿನವರು ಅವನ ಫೋಟೊ ಹಾಕಿ ಜಾಹೀರಾತು ಮಾಡುತ್ತೇವೆ, 800 ಡಾಲರ್ ಕೊಡುತ್ತೇವೆ ಎಂದರು. ಜೊತೆಯ ಅಮೆರಿಕನ್ ಹುಡುಗರೆಲ್ಲ ಇಂಥದ್ದು ಮಾಡುತ್ತಾರೆ. ಇವನು ಹೂಂ ಎನ್ನುವುದರಲ್ಲಿದ್ದ. ನಾನು ಬೇಡ ಎಂದೆ. ಅವನಿರುವುದು ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ. ಎನ್‌ಸಿಎಎ ಒಪ್ಪಿದರೂ ವೀಸಾ ನಿಯಮ ಒಪ್ಪಬೇಕಲ್ಲ. ಅನುಮತಿ ಇಲ್ಲದೆ ಕ್ಯಾಂಪಸ್ಸಿನ ಹೊರಗೆ ಮಾಡಿದ ಕೆಲಸ ಎಂದಾದರೆ ವೀಸಾಗೇ ಕುತ್ತು. ಇದನ್ನು ಅವನಿಗೆ ಹೇಳಿದ್ದು ನಾನು. ಕೋಚ್ ಹೇಳಲಿಲ್ಲ, ಕಾಲೇಜು ಹೇಳಲಿಲ್ಲ. ಚಿಕ್ಕಮ್ಮ ದೊಡ್ಡಮ್ಮ ಇಲ್ಲದ ಊರಿನಲ್ಲಿ ಆಡುವ ಮಕ್ಕಳಿಗೆ ಯಾರು ಹೇಳುತ್ತಾರೆ? ಬೇಕರ್ ಅವರೇ, ಹೊರದೇಶದ ಪ್ರತಿ ಆಟಗಾರನಿಗೂ ಮೊದಲ ವಾರದಲ್ಲೇ ವೀಸಾ ತಿಳಿದ ವಕೀಲರ ಸಲಹೆ ಉಚಿತವಾಗಿ ಸಿಗಬೇಕು. ಸಿಗದಿದ್ದರೆ ಅದು ಕಾಲೇಜಿನ ತಪ್ಪು ಎಂದು ಬರೆದಿಡಿ, ಹುಡುಗನ ತಪ್ಪು ಎಂದಲ್ಲ.

ನಿಮ್ಮ ಕಾಲದಲ್ಲಿ ಒಂದು ಒಳ್ಳೆಯ ಕೆಲಸವೂ ಆಗಿದೆ. ಅದನ್ನು ಹೇಳದಿದ್ದರೆ ನ್ಯಾಯವಲ್ಲ. 2023ರ ಜುಲೈನಲ್ಲಿ ಟೆನೆಸ್ಸೀ ವಿಶ್ವವಿದ್ಯಾಲಯದ ಫುಟ್‌ಬಾಲ್ ಪ್ರಕರಣದ ತೀರ್ಪು ಬಂತು. ಕೋಚ್ ಜೆರೆಮಿ ಪ್ರೂಯಿಟ್ ಇದ್ದಾಗ 200ಕ್ಕೂ ಜಾಸ್ತಿ ಉಲ್ಲಂಘನೆ, ಆಟಗಾರರಿಗೂ ಅವರ ಮನೆಯವರಿಗೂ ಸುಮಾರು 60,000 ಡಾಲರ್. ಮೊತ್ತ ಎಸ್‌ಎಂಯುದಷ್ಟೇ! ಈ ಸಲ ನಿಮ್ಮ ಸಮಿತಿ ಆಗ ತಂಡದಲ್ಲಿದ್ದ ಹುಡುಗರ ಬೌಲ್ ಗೇಮ್ ಕಿತ್ತುಕೊಳ್ಳಲಿಲ್ಲ. ಕಾಲೇಜಿಗೆ 80 ಲಕ್ಷ ಡಾಲರಿಗೂ ಮೀರಿದ ದಂಡ ಹಾಕಿತು. ಪ್ರೂಯಿಟ್ ಅವರಿಗೆ ಆರು ವರ್ಷದ ಷೋ-ಕಾಸ್. ಎಂದರೆ ಯಾವ ಕಾಲೇಜಾದರೂ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದರೆ ನಿಮ್ಮೆದುರು ಬಂದು ಕಾರಣ ಹೇಳಬೇಕು. ಇದು ಸರಿಯಾದ ದಾರಿ. ಬರೆ ಎತ್ತಿನ ಹತ್ತಿರಕ್ಕಾದರೂ ಬಂತು.

ಆದರೆ ಷೋ-ಕಾಸ್ ಕಾಲೇಜುಗಳಿಗೆ ಮಾತ್ರ. ಕೋಚ್ ಎನ್‌ಎಫ್‌ಎಲ್‌ಗೆ ಜಿಗಿದರೆ ಅದು ತಾಗುವುದಿಲ್ಲ. ಹಾಗಾಗಿ ಹಿಡಿಯಬೇಕಾದ್ದು ಕಾಂಟ್ರಾಕ್ಟನ್ನು. ನಮ್ಮ ಟೆಕ್ಸಾಸಿನಲ್ಲೇ 2023ರಲ್ಲಿ ಎ ಆಂಡ್ ಎಂ ಕಾಲೇಜು ಕೋಚ್ ಜಿಂಬೋ ಫಿಷರ್ ಅವರನ್ನು ತೆಗೆದಾಗ ಕೊಡಬೇಕಾಗಿ ಬಂದದ್ದು 7 ಕೋಟಿ 50 ಲಕ್ಷ ಡಾಲರಿಗೂ ಜಾಸ್ತಿ. ಅವರನ್ನು ತೆಗೆದದ್ದು ನಿಯಮ ಮುರಿದದ್ದಕ್ಕಲ್ಲ, ಸಾಕಷ್ಟು ಆಟ ಗೆಲ್ಲಲಿಲ್ಲ ಎಂದು ಅಷ್ಟೇ. ಕೋಚ್‌ಗಳ ಕಾಂಟ್ರಾಕ್ಟಿನಲ್ಲಿ ಎಂಥ ಮೊತ್ತಗಳಿರುತ್ತವೆ ಎಂದು ತೋರಿಸಲು ಹೇಳಿದೆ. ಇಷ್ಟು ಬರೆಯಲು ಜಾಗವಿರುವ ಕಾಗದದಲ್ಲಿ ಇನ್ನೊಂದು ಸಾಲಿಗೆ ಜಾಗವಿಲ್ಲವೇ? ನನ್ನ ಕೈಕೆಳಗೆ ನಿಯಮ ಮುರಿದದ್ದು ಸಾಬೀತಾದರೆ, ನಾನು ಆಗ ಎಲ್ಲೇ ಇರಲಿ, ಆ ವರ್ಷಗಳ ಬೋನಸ್ ವಾಪಸ್ ಕೊಡುತ್ತೇನೆ. ಈ ಸಾಲಿಗೆ ಸಹಿ ಹಾಕದ ಕೋಚ್ ನಿಮ್ಮ ಟೂರ್ನಿಗಳಲ್ಲಿ ತಂಡ ಇಳಿಸುವ ಹಾಗಿಲ್ಲ ಎಂದು ನಿಯಮ ಮಾಡಿ. ಅಥ್ಲೆಟಿಕ್ ಡೈರೆಕ್ಟರ್‌ಗೂ ಅದೇ. ಆಡಳಿತ ಮಂಡಳಿಯವರಿಗೂ ಅದೇ, ಏಕೆಂದರೆ ಕ್ಲೆಮೆಂಟ್ಸ್ ಕೂತಿದ್ದದ್ದು ಆ ಕುರ್ಚಿಯಲ್ಲಿ.

ಸೀಲಿ ಅವರೇ, ನಿಮ್ಮನ್ನು ಕೇಳುವುದು ಬೇರೆ. ಒಪ್ಪಂದವೊಂದನ್ನು ತಿರಸ್ಕರಿಸಿದಾಗ ಕಾರಣವನ್ನು ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಪ್ರಕಟಿಸಿ. ಹುಡುಗನ ಹೆಸರು ಬೇಡ. ಕೊಡಲು ಬಂದ ಕಂಪನಿಯ ಹೆಸರು, ಕಾಲೇಜಿನ ಹೆಸರು ಇರಲಿ. ಹೆಸರು ಹೊರಗೆ ಬರುತ್ತದೆ ಎಂದರೆ ದೊಡ್ಡವರು ಎರಡು ಸಲ ಯೋಚಿಸುತ್ತಾರೆ. ಮತ್ತೆ, ತಾನಾಗಿ ಬಂದು ನಿಜ ಹೇಳಿದ ಆಟಗಾರನಿಗೆ ಶಿಕ್ಷೆ ಇರಬಾರದು. 1986ರಲ್ಲಿ ಟಿವಿಯ ಮುಂದೆ ಕೂತು ನಿಜ ಹೇಳಿದವನು ಒಬ್ಬ ಆಟಗಾರ. ಕೋಚ್ ಅಲ್ಲ, ಬೂಸ್ಟರ್ ಅಲ್ಲ, ಗವರ್ನರ್ ಅಲ್ಲ. ಮುಂದೆಯೂ ಹೇಳುವವರು ಹುಡುಗರೇ. ಅವರಿಗೆ ಬಾಗಿಲು ತೆರೆದಿಡಿ.

ತನಿಖೆಗೆ ಒಂದು ಗಡುವು ಬೇಕು. ಬುಷ್ ಪ್ರಕರಣಕ್ಕೆ ನಾಲ್ಕು ವರ್ಷಕ್ಕೂ ಜಾಸ್ತಿ ಹಿಡಿಯಿತು. ಕಾಲೇಜು ಓದುವುದೇ ನಾಲ್ಕು ವರ್ಷ. ತೀರ್ಪು ಬರುವಷ್ಟರಲ್ಲಿ ತಪ್ಪು ಮಾಡಿದವರು ಹೋಗಿರುತ್ತಾರೆ, ಹೊಸಬರು ಬಂದಿರುತ್ತಾರೆ. ಒಂದು ವರ್ಷದಲ್ಲಿ ಮುಗಿಸಲು ಆಗದಿದ್ದರೆ ಆಗ ತಂಡದಲ್ಲಿ ಇರುವ ಹುಡುಗರ ಆಟಕ್ಕೆ ಕೈ ಹಚ್ಚಬೇಡಿ.

ನಮ್ಮ ಕನ್ನಡದ ತಂದೆತಾಯಂದಿರಿಗೆ ಎರಡು ಮಾತು. ಕೋಚ್ ಫೋನ್ ಮಾಡಿದಾಗ ಸ್ಪೀಕರ್ ಹಾಕಿ ಪಕ್ಕದಲ್ಲಿ ಕೂತುಕೊಳ್ಳಿ. ಏನು ಮಾತು ಕೊಟ್ಟರೂ ಇಮೇಲ್‌ನಲ್ಲಿ ಕಳಿಸಿ ಎಂದು ಕೇಳಿ. ಕೇಳಿದರೆ ಬೇಜಾರಾಗುತ್ತಾರೇನೋ ಎಂದು ಸಂಕೋಚ ಪಡಬೇಡಿ. ಬೇಜಾರಾಗುವ ಕೋಚ್ ನಮ್ಮ ಮಕ್ಕಳಿಗೆ ಬೇಡ. ಯಾರಾದರೂ ಇದು ನಮ್ಮ ನಿಮ್ಮ ನಡುವೆ ಇರಲಿ ಎಂದರೆ ಅಲ್ಲಿಗೇ ಫೋನ್ ಇಡಿ.

ಬೇಕರ್ ಅವರೇ, ನೀವು ಮ್ಯಾಸಚೂಸೆಟ್ಸ್‌ನ ಗವರ್ನರ್ ಆಗಿದ್ದವರು. ಆಡಳಿತ ಹೇಗೆ ನಡೆಯುತ್ತದೆ, ತಪ್ಪು ಯಾವ ಮಟ್ಟದಲ್ಲಿ ಹುಟ್ಟುತ್ತದೆ ಎನ್ನುವುದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಕಾಂಟ್ರಾಕ್ಟಿನ ಆ ಒಂದು ಸಾಲು, ಹೊರದೇಶದ ಮಕ್ಕಳಿಗೆ ವಕೀಲರ ಸಲಹೆ, ತನಿಖೆಯ ಗಡುವು. ಈ ಮೂರರ ಬಗ್ಗೆ ನಿಮ್ಮ ಉತ್ತರ ಜೂನ್ 15ರ ಒಳಗೆ ಬಂದರೆ ನಮ್ಮ ಮನೆಯಲ್ಲಿ ಫೋನ್ ಎತ್ತುವ ಮುಂಚೆ ಅದನ್ನು ಮಗಳಿಗೆ ಓದಿ ಹೇಳುತ್ತೇನೆ.

ಇಂತಿ,
ಒಬ್ಬ ಆಟಗಾರ್ತಿಯ ತಾಯಿ
ಪ್ಲೇನೋ, ಟೆಕ್ಸಾಸ್